ಓವರ್-ಅಂಡರೋ, ಸೆಮಿ ಆಟೊನೋ? ಕ್ಲೇ ಪಿಜನ್ ಶೂಟಿಂಗ್ ಶುರು ಮಾಡುವವರಿಗೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಓವರ್-ಅಂಡರ್‌ಗೆ. ಒಂದರ ಮೇಲೊಂದು ನಳಿಗೆ ಇರುತ್ತದಲ್ಲ, ನಡುವೆ ಮಡಚಿ ತೋಟಾ ಹಾಕುವ ಕೋವಿ, ಅದೇ. ನಾನು ಕೊಂಡದ್ದು ಸೆಕೆಂಡ್ ಹ್ಯಾಂಡ್. ಇವತ್ತಿಗೂ ಅದರಲ್ಲೇ ಹೊಡೆಯುತ್ತಿದ್ದೇನೆ, ಬದಲಿಸುವ ಮನಸ್ಸಿಲ್ಲ. ಕೊಳ್ಳುವ ಮೊದಲು ಗೆಳೆಯನೊಬ್ಬನ ಸೆಮಿ ಆಟೊ, ಅಂದರೆ ಹೊಡೆದಾಗಲೆಲ್ಲ ಮುಂದಿನ ತೋಟಾ ತಾನಾಗಿ ಒಳಬರುವ ಕೋವಿ, ತುಂಬಾ ದಿನ ನನ್ನ ಕೈಯಲ್ಲೇ ಇತ್ತು. ಹಾಗಾಗಿ ಎರಡರ ಗುಣವೂ ಚೆನ್ನಾಗಿ ಗೊತ್ತು.

ಇದು ಹಕ್ಕಿ ಹೊಡೆಯುವ ಮಾತಲ್ಲ. 1900ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನಿಜವಾದ ಪಾರಿವಾಳಗಳನ್ನೇ ಹಾರಿಸಿ ಹೊಡೆದಿದ್ದರು. ಈಗ ಕ್ಲೇ ಪಿಜನ್ ಅಂದರೆ ಯಂತ್ರ ಎಸೆಯುವ ಸುಮಾರು 11 ಸೆಂಟಿಮೀಟರ್ ಅಗಲದ ತಟ್ಟೆ. 2004ರಲ್ಲಿ ಅಥೆನ್ಸ್‌ನಲ್ಲಿ ರಾಜ್ಯವರ್ಧನ್ ಸಿಂಗ್ ರಾಠೋಡ್ ಬೆಳ್ಳಿ ಗೆದ್ದರಲ್ಲ, ಆ ಡಬಲ್ ಟ್ರ್ಯಾಪ್ ಇದೇ ಜಾತಿಯ ಆಟ.

ಹೊಸಬರಿಗೆ ಸೆಮಿ ಆಟೊ ಕೊಳ್ಳಿ ಎನ್ನುವವರ ವಾದ ಒಂದೇ: ಅದು ಕಮ್ಮಿ ಒದೆಯುತ್ತದೆ. ಈ ಮಾತು ನಿಜ. ತೋಟಾ ಸಿಡಿದಾಗ ಹುಟ್ಟುವ ಅನಿಲದಲ್ಲಿ ಸ್ವಲ್ಪ ಪಾಲು ನಳಿಗೆಯ ಸಣ್ಣ ತೂತುಗಳಿಂದ ಹೊರಬಂದು ಒಂದು ಪಿಸ್ಟನ್ನನ್ನು ಹಿಂದಕ್ಕೆ ತಳ್ಳುತ್ತದೆ. ಆ ಪಿಸ್ಟನ್ ಖಾಲಿ ತೋಟಾವನ್ನು ಹೊರಗೆಸೆದು ಹೊಸದನ್ನು ಒಳಗೆ ತರುತ್ತದೆ. ಈ ಕೆಲಸಕ್ಕೆ ಒಂಚೂರು ಹೊತ್ತು ಬೇಕು. ಹಾಗಾಗಿ ಒದೆತ ಒಂದೇ ಏಟಿಗೆ ಭುಜಕ್ಕೆ ಬಡಿಯುವುದಿಲ್ಲ, ಹರಡಿಕೊಂಡು ಬರುತ್ತದೆ. ಮಧ್ಯಾಹ್ನದ ಹೊತ್ತಿಗೆ ಭುಜ ನೆಟ್ಟಗೆ ಇರುತ್ತದೆ. ಒದೆತಕ್ಕೆ ಹೆದರಿದವರು ಟ್ರಿಗರ್ ಎಳೆಯುವ ಮೊದಲೇ ಕಣ್ಣು ಮುಚ್ಚುತ್ತಾರೆ, ಆ ಚಟ ಹತ್ತಿದರೆ ಬಿಡಿಸುವುದು ಕಷ್ಟ. ಆದ್ದರಿಂದ ಈ ವಾದವನ್ನು ನಾನು ತಳ್ಳಿಹಾಕುವುದಿಲ್ಲ.

ತಕರಾರು ಇರುವುದು ಮುಂದಿನ ಹೆಜ್ಜೆಯಲ್ಲಿ. ಒದೆತ ಕಮ್ಮಿ ಮಾಡಲು ಎಲ್ಲಕ್ಕಿಂತ ಸುಲಭದ, ಅಗ್ಗದ ದಾರಿ ಹಗುರ ತೋಟಾ. 28 ಗ್ರಾಂ ಚರೆಯ ಬದಲು 24 ಗ್ರಾಂ, ಇಲ್ಲವೇ 21 ಗ್ರಾಂ. ಕಲಿಯುವಾಗ ಹೊಡೆಯುವ ಹತ್ತಿರದ ತಟ್ಟೆಗೆ ಅಷ್ಟು ಧಾರಾಳ ಸಾಕು. ಒಲಿಂಪಿಕ್ಸ್‌ನ ತಟ್ಟೆ ಹೊಡೆಯುವ ಆಟಗಳಾದ ಟ್ರ್ಯಾಪ್, ಸ್ಕೀಟ್ ಎರಡರಲ್ಲೂ 24 ಗ್ರಾಂ ತೋಟಾವೇ ನಿಯಮ. ಅವರಿಗೇ ಸಾಕಾದದ್ದು ನಮಗೆ ಸಾಲದಾ? ಆದರೆ ಸೆಮಿ ಆಟೊಗೆ ಹೊಟ್ಟೆ ತುಂಬಾ ಅನಿಲ ಬೇಕು. ಹಗುರ ತೋಟಾ ಕೊಟ್ಟರೆ ಹಲವು ಕೋವಿಗಳಲ್ಲಿ ಬೋಲ್ಟ್ (ನಳಿಗೆಯ ಹಿಂಬದಿ ಮುಚ್ಚುವ, ಹಿಂದೆ ಮುಂದೆ ಓಡಾಡುವ ತುಂಡು) ಪೂರ್ತಿ ಹಿಂದೆ ಹೋಗುವುದೇ ಇಲ್ಲ. ಖಾಲಿ ತೋಟಾ ಅರ್ಧ ಹೊರಗೆ, ಅರ್ಧ ಒಳಗೆ ಸಿಕ್ಕಿಕೊಳ್ಳುತ್ತದೆ. ಗೆಳೆಯನ ಕೋವಿ 28 ಗ್ರಾಂ ಕೊಟ್ಟರೆ ಗಡಿಯಾರದ ಹಾಗೆ ನಡೆಯುತ್ತಿತ್ತು. 24ಕ್ಕೆ ಆಗಾಗ ಮುನಿಸು. 21 ಹಾಕಿದರೆ ಪ್ರತಿ ಸಲವೂ ಕೈಯಿಂದ ಬೋಲ್ಟ್ ಎಳೆಯಬೇಕು. ಅಲ್ಲಿಗೆ ಅದು ಸೆಮಿ ಆಟೊ ಯಾಕಾಯಿತು, ಹೇಳಿ?

ಸರಿ, ಭಾರದ ತೋಟಾ ಹಾಕೋಣ ಅಂದುಕೊಳ್ಳಿ. ಕೋವಿ ನಡೆಯುತ್ತದೆ. ಜೊತೆಗೆ ಒದೆತವೂ ಏರುತ್ತದೆ. ಯಾವ ಸುಖಕ್ಕೆ ಸೆಮಿ ಆಟೊ ತಗೊಂಡಿರೋ ಅದರಲ್ಲಿ ಅರ್ಧ ಅಲ್ಲೇ ಹೋಯಿತು. ನನ್ನ ಓವರ್-ಅಂಡರ್‌ನಲ್ಲಿ 21 ಗ್ರಾಂ ಹಾಕಿ ಹೊಡೆದಾಗ ಸಿಗುವ ಮೆತ್ತನೆಯ ಒದೆತಕ್ಕೂ, ಅವನ ಸೆಮಿ ಆಟೊದಲ್ಲಿ 28 ಗ್ರಾಂ ಹೊಡೆದಾಗಿನದಕ್ಕೂ ನನ್ನ ಭುಜಕ್ಕೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ನನ್ನ ಕೋವಿಯಲ್ಲಿ ಸಿಕ್ಕಿಕೊಳ್ಳಲು ಓಡಾಡುವ ಬೋಲ್ಟೇ ಇಲ್ಲ. ಯಾವ ತೋಟಾ ಹಾಕಿದರೂ ಅದಕ್ಕೆ ಒಂದೇ.

ಈ ಸಿಕ್ಕಿಕೊಳ್ಳುವುದು ಬರೀ ಕಿರಿಕಿರಿಯಾಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಅದು ಯಾವಾಗ ಆಗುತ್ತದೆ ಅನ್ನುವುದನ್ನು ನೋಡಿ. ಜೋಡಿ ತಟ್ಟೆ ಬರುವಾಗ, ಮೊದಲನೆಯದು ಒಡೆದು ಎರಡನೆಯದಕ್ಕೆ ತಿರುಗಿದಾಗ, ಟ್ರಿಗರ್ ಸತ್ತಿರುತ್ತದೆ. ತಟ್ಟೆ ಹೋಯಿತು, ಹೋಗಲಿ. ಆದರೆ ಹೊಸಬ ಆಗ ಏನು ಮಾಡುತ್ತಾನೆ? ಕೋವಿಯನ್ನು ಇಳಿಸಿ, ಪಕ್ಕಕ್ಕೆ ವಾಲಿಸಿ, 'ಏನಾಯ್ತು ಇದಕ್ಕೆ?' ಅಂತ ಹಿಂದೆ ನಿಂತವರ ಕಡೆ ತಿರುಗುತ್ತಾನೆ. ನಳಿಗೆಯೂ ಅವನ ಜೊತೆ ತಿರುಗುತ್ತದೆ. ಒಳಗೆ ಒಂದು ಜೀವಂತ ತೋಟಾ ಇರಬಹುದು, ಇಲ್ಲದಿರಬಹುದು. ಹೊರಗಿನಿಂದ ನೋಡಿದರೆ ತಿಳಿಯುವುದಿಲ್ಲ. ಹಿಂದೆ ನಿಂತವರು ಕೂಗಿ ಹೇಳುವವರೆಗೂ ಅವನಿಗೆ ಅದರ ಅರಿವೇ ಇರುವುದಿಲ್ಲ. ನಳಿಗೆ ಮುಂದಕ್ಕೇ ಇರಲಿ, ಬೆರಳು ಟ್ರಿಗರ್‌ನಿಂದ ಆಚೆ ಇರಲಿ, ಆಮೇಲೆ ಬೋಲ್ಟ್ ಎಳೆ. ಇದು ಹೇಳಲು ಸುಲಭ, ಮೊದಮೊದಲು ಮಾಡಲು ಕಷ್ಟ.

ಓವರ್-ಅಂಡರ್ ಮಡಚಿಕೊಂಡು ತೋಳಿಗೆ ನೇತುಹಾಕಿದರೆ ಕೋವಿ ಸಿಡಿಯಲಾರದು ಅನ್ನುವುದು ದೂರದಿಂದಲೇ ಎಲ್ಲರಿಗೂ ಕಾಣುತ್ತದೆ. ಸೆಮಿ ಆಟೊ ಹಿಡಿದವರು ಬೋಲ್ಟ್ ತೆರೆದಿಟ್ಟು, ತೋಟಾ ಕೂರುವ ಚೇಂಬರ್‌ಗೆ ಬಣ್ಣದ ಫ್ಲ್ಯಾಗ್ ಸಿಕ್ಕಿಸಿಕೊಂಡು ಓಡಾಡಬೇಕು. ಫ್ಲ್ಯಾಗ್ ಹಾಕಿದ್ದರೂ ಪಕ್ಕದವರು ಒಮ್ಮೆ ಇಣುಕಿ ನೋಡುತ್ತಾರೆ. ಅವರದ್ದು ತಪ್ಪಲ್ಲ.

ಅನಿಲದ ಬದಲು ಒದೆತದ ಬಲದಿಂದಲೇ ನಡೆಯುವ ಸೆಮಿ ಆಟೊಗಳೂ ಇವೆ. ಮಸಿ ಕಮ್ಮಿ. ಆದರೆ ಹಗುರ ತೋಟಾದಲ್ಲಿ ಒದೆತವೇ ಕಮ್ಮಿ, ಹಾಗಾಗಿ ಅದೇ ಕಥೆ. ಮೆತ್ತನೆಯ ಏಟಿನ ಸುಖವೂ ಇವುಗಳಲ್ಲಿ ಅಷ್ಟಾಗಿ ಇಲ್ಲ.

ಕ್ಲೀನಿಂಗ್ ಬಗ್ಗೆ ಒಂದೇ ಮಾತು: ನಾನು ಸೋಮಾರಿ. ನನ್ನ ಕೋವಿಗೆ ನಳಿಗೆಯಲ್ಲಿ ಬಟ್ಟೆ ಎಳೆದು, ಮಡಚುವ ಕೀಲಿಗೆ ಒಂಚೂರು ಗ್ರೀಸ್ ಹಚ್ಚಿದರೆ ಮುಗಿಯಿತು. ಅನಿಲದ ಕೋವಿಯ ಪಿಸ್ಟನ್ ಮೇಲೆ ಕಟ್ಟುವ ಮಸಿಯನ್ನು ಕೆರೆದು ತೆಗೆಯುತ್ತಾ ಕೂರಬೇಕು. ತೆಗೆಯದಿದ್ದರೆ ಮತ್ತೆ ಸಿಕ್ಕಿಕೊಳ್ಳುವುದು.

ಚೋಕ್ ಅಂದರೆ ಚರೆ ಎಷ್ಟು ಹರಡಬೇಕು ಅನ್ನುವುದನ್ನು ತೀರ್ಮಾನಿಸುವ, ನಳಿಗೆಯ ತುದಿಯ ಕಿರಿದು ಭಾಗ. ಓವರ್-ಅಂಡರ್‌ನಲ್ಲಿ ಎರಡು ನಳಿಗೆಗೆ ಎರಡು ಬೇರೆ ಚೋಕ್ ಹಾಕಬಹುದು, ಸೆಮಿ ಆಟೊದಲ್ಲಿ ಒಂದೇ. ಕ್ವಾರ್ಟರ್ ಮತ್ತು ಹಾಫ್ ಅಳತೆಯವನ್ನು ಹಾಕಿ, ಚೋಕ್ ಬಿಚ್ಚುವ ಕೀಲಿಯನ್ನು ಮನೆಯಲ್ಲೇ ಬಿಟ್ಟು ಬನ್ನಿ. ತಟ್ಟೆ ತಪ್ಪಿದಾಗಲೆಲ್ಲ ಚೋಕ್ ಬದಲಿಸುವವರನ್ನು ನೋಡಿ ನೋಡಿ ಸಾಕಾಗಿದೆ.

ಸೆಮಿ ಆಟೊ ನಿಜವಾಗಿ ಗೆಲ್ಲುವ ಜಾಗವೂ ಒಂದಿದೆ. ಹಲವು ಮಾಡೆಲ್‌ಗಳ ಜೊತೆ ತೆಳು ಪಟ್ಟಿಗಳು ಬರುತ್ತವೆ. ಹಿಂಬದಿಯ ಮರದ ಹಿಡಿಯನ್ನು ಬಿಚ್ಚಿ ನಡುವೆ ಅವನ್ನು ಸೇರಿಸಿದರೆ ಹಿಡಿಯ ಎತ್ತರ, ಓರೆ ಎರಡೂ ಬದಲಾಗುತ್ತವೆ. ಕೋವಿ ಮೈಗೆ ಹೊಂದುವುದು ಎಷ್ಟು ಮುಖ್ಯ ಅಂದರೆ, ಮಿಕ್ಕಿದ್ದೆಲ್ಲ ಅದರ ನಂತರ. ತಟ್ಟೆಗೆ ಹೊಡೆಯುವಾಗ ರೈಫಲ್ ಹಾಗೆ ಗುರಿ ಜೋಡಿಸುತ್ತಾ ನಿಲ್ಲುವುದಿಲ್ಲ. ಕಣ್ಣು ತಟ್ಟೆಯ ಮೇಲೆ ಇರುತ್ತದೆ, ಕಣ್ಣು ನೋಡಿದ ಕಡೆ ನಳಿಗೆ ತಾನಾಗಿ ಹೋಗಬೇಕು. ಕೆನ್ನೆ ಹಿಡಿಯ ಮೇಲೆ ಕೂತಾಗ ನಳಿಗೆಯ ಮೇಲಿನ ಪಟ್ಟಿ ನೇರವಾಗಿ ಕಾಣಬೇಕು. ಹಿಡಿ ತೀರಾ ಕೆಳಗಿದ್ದರೆ ತಟ್ಟೆಯ ಕೆಳಗೆ ಹೊಡೆಯುತ್ತೀರಿ, ಎತ್ತರವಿದ್ದರೆ ಮೇಲೆ. ಓವರ್-ಅಂಡರ್‌ನಲ್ಲಿ ಇದನ್ನು ಸರಿ ಮಾಡಿಸಲು ಕೋವಿ ರಿಪೇರಿಯವರ ಹತ್ತಿರ ಹೋಗಬೇಕು, ಅಥವಾ ಕೆನ್ನೆಯ ಭಾಗ ಮೇಲೆ ಕೆಳಗೆ ಆಗುವ ಹಿಡಿ ಇರುವ ಕೋವಿಯನ್ನೇ ಹುಡುಕಬೇಕು. ನಾನು ಹುಡುಕಿದೆ. ತಡವಾಯಿತು, ಆದರೆ ಸಿಕ್ಕಿತು.

ಸೆಕೆಂಡ್ ಹ್ಯಾಂಡ್ ಓವರ್-ಅಂಡರ್ ನೋಡುವಾಗ ಕೋವಿ ತೆರೆಯುವ ಮೇಲಿನ ಲಿವರ್ ಎಲ್ಲಿ ನಿಂತಿದೆ ಗಮನಿಸಿ. ಕೋವಿ ಮುಚ್ಚಿದಾಗ ಹೊಸದರಲ್ಲಿ ಅದು ನಡುವಿಗಿಂತ ಬಲಕ್ಕೆ ನಿಲ್ಲುತ್ತದೆ. ಸವೆದ ಹಾಗೆಲ್ಲ ನಡುವಿಗೆ, ಆಮೇಲೆ ಎಡಕ್ಕೆ ಸರಿಯುತ್ತದೆ. ಮುಂದಿನ ಮರದ ತುಂಡನ್ನು ಬಿಚ್ಚಿ, ಕೋವಿ ಮುಚ್ಚಿ, ಮೆಲ್ಲಗೆ ಅಲ್ಲಾಡಿಸಿ. ಕೀಲಿನಲ್ಲಿ ಟಕಟಕ ಅಂದರೆ ನಮಸ್ಕಾರ ಹೇಳಿ ಬನ್ನಿ. ನಳಿಗೆಯನ್ನು ಬೆಳಕಿಗೆ ಹಿಡಿದು ಒಳಗಡೆ ಕುಳಿ, ತುಕ್ಕು, ತಗ್ಗು ಇದೆಯಾ ನೋಡಿ. ನಳಿಗೆಯ ಉದ್ದ 30 ಇಂಚು ಸಾಕು, ಗಿಡ್ಡಗಿರುವವರಿಗೆ 28.

ಪಕ್ಕಪಕ್ಕದ ನಳಿಗೆಯ ಹಳೇ ಜೋಡುನಳಿಗೆ ನೋಡಲು ಚೆಂದ, ಸಾಮಾನ್ಯವಾಗಿ ಹಗುರ. ಹಗುರ ಕೋವಿ ಜಾಸ್ತಿ ಒದೆಯುತ್ತದೆ. ಕಲಿಯಲು ಬೇಡ.

ಕೋವಿಗಿಂತ ಮೊದಲು ಕೊಳ್ಳಬೇಕಾದದ್ದು ಕಿವಿಗೆ. ಶಾಟ್‌ಗನ್ ಸದ್ದು 150 ಡೆಸಿಬಲ್ ಮೀರುತ್ತದೆ. 140 ದಾಟಿದ ಸದ್ದು ಒಂದೇ ಏಟಿಗೆ ಕಿವಿ ಕೆಡಿಸಬಹುದು, ಕೆಟ್ಟ ಕಿವಿ ವಾಪಸ್ ಬರುವುದಿಲ್ಲ. ಸ್ಪಂಜಿನ ಪ್ಲಗ್ ಅಗ್ಗ, ಸರಿಯಾಗಿ ತಿರುಚಿ ಆಳಕ್ಕೆ ಇಟ್ಟರೆ ಕೆಲಸವೂ ಮಾಡುತ್ತದೆ, ಆದರೆ ಕಲಿಸುವವರ ಮಾತು ಕೇಳಿಸುವುದಿಲ್ಲ. ನಾನು ಇಲ್ಲಿ ಮಾತ್ರ ದುಡ್ಡು ಬಿಚ್ಚಿದೆ: ಎಲೆಕ್ಟ್ರಾನಿಕ್ ಮಫ್, ಕಿವಿಯನ್ನು ಪೂರ್ತಿ ಮುಚ್ಚುವ ಬಟ್ಟಲಿನಂಥದ್ದು. ಮಾತು ಒಳಗೆ ಬಿಡುತ್ತದೆ, ಹೊಡೆತವನ್ನು ತಡೆಯುತ್ತದೆ. ಆದರೆ ಬಟ್ಟಲು ತೆಳ್ಳಗಿರುವುದನ್ನೇ ನೋಡಿ. ದಪ್ಪ ಬಟ್ಟಲು ಕೋವಿಯ ಹಿಡಿಗೆ ತಗುಲಿ ತಲೆಯನ್ನು ಆಚೆ ತಳ್ಳುತ್ತದೆ. ಕೆನ್ನೆ ಎದ್ದರೆ ಮೇಲೆ ಹೇಳಿದ ಹೊಂದಾಣಿಕೆಯೆಲ್ಲ ಸುಮ್ನೆ. ಅಂಗಡಿಗೆ ಹೋಗುವಾಗ ಕೋವಿ ಜೊತೆಯಲ್ಲಿ ಇಲ್ಲದಿದ್ದರೆ, ಅಲ್ಲಿ ಇರುವ ಯಾವುದಾದರೂ ಖಾಲಿ ಕೋವಿಯನ್ನು ಕೇಳಿ ಭುಜಕ್ಕೆ ಹಿಡಿದು ನೋಡಿ.

ಕಣ್ಣಿಗೆ ಪಾಲಿಕಾರ್ಬನೇಟ್ ಕನ್ನಡಕ, ತಲೆಗೆ ಮುಂದೆ ಅಂಚಿರುವ ಟೋಪಿ. ಒಡೆದ ತಟ್ಟೆಯ ಚೂರುಗಳು ಮೇಲಿಂದ ಬೀಳುತ್ತವೆ. ಕಪ್ಪು ಗಾಜು ಬೇಡ, ತಟ್ಟೆ ಕಾಣುವುದಿಲ್ಲ. ಹಾಂ, ಯಾವ ಕಣ್ಣು ಜೋರು ಅಂತ ಮೊದಲೇ ನೋಡಿಕೊಳ್ಳಿ. ಎರಡು ಕೈ ಸೇರಿಸಿ ಸಣ್ಣ ಕಿಂಡಿ ಮಾಡಿ ದೂರದ ಒಂದು ವಸ್ತುವನ್ನು ನೋಡಿ, ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣಿಗೆ ಅದು ಅಲ್ಲೇ ಉಳಿಯುತ್ತದೋ ಅದು ಜೋರಿನದು. ಬಲ ಭುಜದಲ್ಲಿ ಹಿಡಿಯುವವರಿಗೆ ಎಡಗಣ್ಣು ಜೋರಿದ್ದರೆ, ಕನ್ನಡಕದ ಎಡಗಾಜಿಗೆ ಒಂದು ಸಣ್ಣ ಟೇಪಿನ ಚೂರು ಅಂಟಿಸಿದರೆ ಸಾಕು. ಇಲ್ಲದಿದ್ದರೆ ಹೊಡೆದದ್ದೆಲ್ಲ ಎಡಕ್ಕೆ ಹೋಗುತ್ತದೆ, ಬೈಗುಳ ಕೋವಿಗೆ.

ತೋಟಾ ಇಟ್ಟುಕೊಳ್ಳಲು ಸೊಂಟದ ಚೀಲ ಸಾಕು. ವೆಸ್ಟ್ ಆಮೇಲೆ.

ನನ್ನ ಲೆಕ್ಕ ಹೀಗೆ: ಇದ್ದ ದುಡ್ಡಿನಲ್ಲಿ ಅರ್ಧಕ್ಕಿಂತ ಜಾಸ್ತಿ ಕೋವಿಗೆ ಹಾಕಲಿಲ್ಲ. ಮಿಕ್ಕಿದ್ದು ಮಫ್, ಕನ್ನಡಕ, ಕಲಿಸುವವರ ಫೀಸು ಮತ್ತು ರಾಶಿ ಹಗುರ ತೋಟಾಕ್ಕೆ. ವಾರಕ್ಕೊಮ್ಮೆ ಹೋಗುವುದೂ ಕಷ್ಟ ಆಗಿರುವ ನನ್ನಂಥವನಿಗೆ ಹೋದ ದಿನ ಕೋವಿ ಮುನಿಸಿಕೊಳ್ಳಬಾರದು, ಅಷ್ಟೇ.

ಭುಜಕ್ಕೆ ಹಳೇ ಪೆಟ್ಟು ಇದ್ದವರು, ಕತ್ತು ನೋವಿನವರು ಸೆಮಿ ಆಟೊವನ್ನೇ ನೋಡಿ, ನಾನು ತಡೆಯುವುದಿಲ್ಲ. ಮೊದಲು ನಿಮ್ಮ ದೇಶದಲ್ಲಿ ಸಿಗುತ್ತದಾ ಅಂತ ತಿಳಿದುಕೊಳ್ಳಿ; ಆಸ್ಟ್ರೇಲಿಯಾದಲ್ಲಿ 1996ರ ಕಾನೂನಿನ ನಂತರ ಸೆಮಿ ಆಟೊ ಶಾಟ್‌ಗನ್‌ಗೆ ಬಿಗಿ ನಿರ್ಬಂಧವಿದೆ. ಎಡಗೈಯವರಾದರೆ ಖಾಲಿ ತೋಟಾ ಮುಖದ ಮುಂದೆ ಹಾರದ ಎಡಗೈ ಮಾಡೆಲ್ ಕೇಳಿ. ಮತ್ತು ದುಡ್ಡು ಕೊಡುವ ಮೊದಲು ಮಾರುವವರ ಎದುರೇ ಒಂದು ಡಬ್ಬಿ 24 ಗ್ರಾಂ ತೋಟಾ ಹೊಡೆದು ನೋಡಿ. ಒಂದು ಸಲ ಸಿಕ್ಕಿಕೊಂಡರೂ ಬೇರೆ ಕೋವಿ ನೋಡಿ.