ಬುಡಾಪೆಸ್ಟ್ ನೋಡೋಕೆ ಟ್ರಾಮ್, ದೋಣಿ, ಕಾಲ್ನಡಿಗೆ: ಯಾವುದು ಯಾವಾಗ?

ಹಂಗೇರಿಯ ರಾಜಧಾನಿ ಬುಡಾಪೆಸ್ಟ್‌ಗೆ ಹೊರಟವರೆಲ್ಲ ಕೇಳುವುದು ಒಂದೇ: ಡ್ಯಾನ್ಯೂಬ್ ನದಿಯಲ್ಲಿ ದೋಣಿ ಹತ್ತಬೇಕಾ, ಬೇಡವಾ? ಹಗಲಲ್ಲಿ ಬೇಡ, ಕತ್ತಲಾದ ಮೇಲೆ ಖಂಡಿತ ಹತ್ತಿ. ಹಗಲಿಗೆ ಟ್ರಾಮ್ ಸಾಕು. ಚೌಕಗಳಿಗೆ ಮಾತ್ರ ಕಾಲೇ ಗತಿ. ಎಲ್ಲವನ್ನೂ ನೋಡಿ ಆದ ಮೇಲೆ ನಾನು ಹೇಳುವ ಮಾತು ಇದು.

ಊರು ಇರುವ ರೀತಿ ಗೊತ್ತಿದ್ದರೆ ಯಾಕೆ ಅಂತ ಅರ್ಥವಾಗುತ್ತದೆ. ನದಿಯ ಪಶ್ಚಿಮಕ್ಕೆ ಗುಡ್ಡಗಳ ಬುಡಾ, ಪೂರ್ವಕ್ಕೆ ಸಮತಟ್ಟಾದ ಪೆಸ್ಟ್. ಇವೆರಡೂ ಹಳೆಯ ಓಬುಡಾ ಜೊತೆ ಸೇರಿ ಒಂದೇ ನಗರವಾಗಿದ್ದು 1873ರಲ್ಲಿ. ಈ ದಡದ ಕಟ್ಟಡಗಳು ಚೆನ್ನಾಗಿ ಕಾಣುವುದು ಆ ದಡದಿಂದ. ಯಾವ ವಾಹನ ಹತ್ತಿದಿರಿ ಅನ್ನುವುದಕ್ಕಿಂತ ಯಾವ ದಡದಲ್ಲಿ ಇದ್ದೀರಿ ಅನ್ನುವುದೇ ಇಲ್ಲಿ ಮುಖ್ಯ.

2ನೇ ನಂಬರ್ ಟ್ರಾಮ್ ಪೆಸ್ಟ್ ದಡದಲ್ಲಿ ಓಡುತ್ತದೆ. ಮಾರ್ಗರೆಟ್ ಸೇತುವೆಯ ಬಳಿ ಯಾಸಾಯಿ ಮಾರಿ ಚೌಕದಲ್ಲಿ ಹತ್ತಿ, ಬಲಗಡೆ ಕಿಟಕಿ ಹಿಡಿಯಿರಿ. ಪಾರ್ಲಿಮೆಂಟ್ ದಾಟಿದ್ದೇ ತಡ, ನದಿ ಪಕ್ಕಕ್ಕೆ ಬರುತ್ತದೆ. ಅಲ್ಲಿಂದ ಆಚೆ ದಡದ ಕೋಟೆಗುಡ್ಡ, ಅರಮನೆ, ಚೈನ್ ಬ್ರಿಜ್, ಗೆಲ್ಲೆರ್ಟ್ ಗುಡ್ಡ ಒಂದಾದ ಮೇಲೊಂದು. ಮಾಮೂಲಿ ಟಿಕೆಟ್‌ನಲ್ಲಿ ಇಷ್ಟೆಲ್ಲ. ಫೊವಾಮ್ ಚೌಕದಲ್ಲಿ ಇಳಿದರೆ ಎದುರಿಗೇ 1897ರ ದೊಡ್ಡ ಮಾರುಕಟ್ಟೆ. ಮಹಡಿಯಲ್ಲಿ ಲಾಂಗೋಶ್ ಸಿಗುತ್ತದೆ. ನಮ್ಮ ಭಟೂರೆಯಂಥದ್ದು, ಮೇಲೆ ಹುಳಿ ಕೆನೆ ಮತ್ತು ಚೀಸ್. ಸಸ್ಯಾಹಾರಿಗಳಿಗೆ ಈ ಊರಲ್ಲಿ ಇದು ದೊಡ್ಡ ಸಮಾಧಾನ. ಭಾನುವಾರ ಮಾರುಕಟ್ಟೆಗೆ ರಜೆ, ನೆನಪಿರಲಿ.

ಈ ಟ್ರಾಮ್‌ನ ಕೊರತೆ ಪಾರ್ಲಿಮೆಂಟ್. ಕಟ್ಟಡದ ಪಕ್ಕದಲ್ಲೇ ಹೋಗುತ್ತೀರಿ, ಆದರೆ ಅದು 268 ಮೀಟರ್ ಉದ್ದ. ಬುಡದಲ್ಲಿ ನಿಂತು ಎಷ್ಟು ಕತ್ತೆತ್ತಿದರೂ ಒಂದು ತುಂಡಷ್ಟೇ ಕಾಣುವುದು. ಅದಕ್ಕೆ ಕೊಶುತ್ ಚೌಕದಲ್ಲಿ ಎಂ2 ಮೆಟ್ರೋ ಹತ್ತಿ. ನದಿಯ ಅಡಿಯಿಂದ ಹೋಗಿ ಮುಂದಿನ ನಿಲ್ದಾಣ ಬಾತ್ಯಾನಿ ಚೌಕದಲ್ಲಿ ಮೇಲೆ ಬನ್ನಿ. ಎದುರು ದಡದಲ್ಲಿ ಇಡೀ ಪಾರ್ಲಿಮೆಂಟ್, ಗುಮ್ಮಟ ಸಮೇತ! ಗುಮ್ಮಟದ ಎತ್ತರ 96 ಮೀಟರ್. ಹಂಗೇರಿಯನ್ನರು ಈ ನೆಲಕ್ಕೆ ಬಂದರು ಅನ್ನುವ 896ನೇ ಇಸವಿಯ ನೆನಪಿಗೆ ಈ ಸಂಖ್ಯೆ. ಸೇಂಟ್ ಸ್ಟೀಫನ್ ಬೆಸಿಲಿಕಾ ಎತ್ತರವೂ ಅಷ್ಟೇ.

ಬಾತ್ಯಾನಿ ಚೌಕದಿಂದ 19 ಅಥವಾ 41ನೇ ಟ್ರಾಮ್ ಬುಡಾ ದಡದಲ್ಲಿ ದಕ್ಷಿಣಕ್ಕೆ ಹೋಗುತ್ತದೆ. ಪ್ರವಾಸಿಗಳು ಇದನ್ನು ಯಾಕೋ ಮರೆತೇಬಿಡುತ್ತಾರೆ. ದಾರಿಯಲ್ಲಿ ಸಿಲಾಗಿ ಡೆಜೋ ಚೌಕದ ಬಣ್ಣದ ಹೆಂಚಿನ ಚರ್ಚ್ ಸಿಗುತ್ತದೆ. ಆ ದೊಡ್ಡ ಮಾರುಕಟ್ಟೆ ಕಟ್ಟಿದ ಶಾಮು ಪೆತ್ಸ್ ಅವರೇ ಇದರ ವಾಸ್ತುಶಿಲ್ಪಿ, ಎರಡೂ ಕಡೆ ಅದೇ ಥರದ ಹೊಳೆಯುವ ಹೆಂಚು. ಚಿತ್ರಕಲಾವಿದೆ ಅಮೃತಾ ಶೇರ್‌ಗಿಲ್ 1913ರಲ್ಲಿ ಹುಟ್ಟಿದ್ದು ಇದೇ ಊರಲ್ಲಿ, ಈ ಚೌಕದ ಮನೆಯೊಂದರಲ್ಲಿ.

ದೋಣಿಯ ವಿಷಯಕ್ಕೆ ಬರೋಣ. ಹಗಲಿನ ಸುತ್ತು ನನಗೆ ಹಿಡಿಸಲಿಲ್ಲ. ಗಾಜಿನ ಒಳಗೆ ಸೆಕೆ. ಕಿವಿಗೆ ಕೊಟ್ಟ ವಿವರಣೆ ದೋಣಿಗಿಂತ ಹಿಂದೆ ಬಿದ್ದು, ಸೇತುವೆ ದಾಟಿದ ಮೇಲೆ ಸೇತುವೆಯ ಕಥೆ ಶುರುವಾಗುತ್ತಿತ್ತು. ಟ್ರಾಮ್‌ನಲ್ಲಿ ಕಂಡಿದ್ದನ್ನೇ ಇನ್ನಷ್ಟು ದೂರದಿಂದ, ಜಾಸ್ತಿ ದುಡ್ಡು ಕೊಟ್ಟು ನೋಡಿದಂತಾಯಿತು. ರಾತ್ರಿ ಮಾತ್ರ ಲೆಕ್ಕವೇ ಬೇರೆ. ಪಾರ್ಲಿಮೆಂಟ್, ಅರಮನೆ, ಸೇತುವೆಗಳಿಗೆಲ್ಲ ದೀಪ ಹಾಕಿರುತ್ತಾರೆ. ನದಿಯ ನಡುವೆ ಇದ್ದರೆ ಎರಡೂ ದಡ ಒಟ್ಟಿಗೆ ಸಿಗುತ್ತವೆ, ಇದು ಯಾವ ಟ್ರಾಮ್‌ನಿಂದಲೂ ಆಗದ ಕೆಲಸ. ಚೈನ್ ಬ್ರಿಜ್ ಅಡಿಯಲ್ಲಿ ಹಾಯುವಾಗಲಂತೂ ಮೊಬೈಲ್ ಕೆಳಗಿಡೋಕೆ ಮನಸ್ಸೇ ಬರುವುದಿಲ್ಲ. 1849ರಲ್ಲಿ ತೆರೆದ ಈ ಸೇತುವೆಯನ್ನು 1945ರಲ್ಲಿ ಹಿಮ್ಮೆಟ್ಟುತ್ತಿದ್ದ ಜರ್ಮನ್ ಸೇನೆ ಉಡಾಯಿಸಿತು. ಮತ್ತೆ ಕಟ್ಟಿ ತೆರೆದದ್ದು ಸರಿಯಾಗಿ ನೂರು ವರ್ಷಕ್ಕೆ, 1949ರಲ್ಲಿ. ಒಂದು ಮಾತು: ಮೇಲೆ ತೆರೆದ ಡೆಕ್ ಇರುವ ದೋಣಿಯನ್ನೇ ಕೇಳಿ ಹತ್ತಿ. ರಾತ್ರಿ ಗಾಜಿನಲ್ಲಿ ನಿಮ್ಮ ಮುಖವೇ ಕಾಣುತ್ತದೆ.

ಆದರೆ ಪಾರ್ಲಿಮೆಂಟ್‌ನಿಂದ ಸ್ವಲ್ಪ ದಕ್ಷಿಣಕ್ಕೆ, ನೀರಿನ ಅಂಚಿನಲ್ಲೇ ಒಂದು ಜಾಗವಿದೆ. ಅಲ್ಲಿ ದೋಣಿಯೂ ಸೋಲುತ್ತದೆ, ಟ್ರಾಮ್ ಕೂಡ. ಅರವತ್ತು ಜೊತೆ ಕಬ್ಬಿಣದ ಚಪ್ಪಲಿ, ಬೂಟುಗಳನ್ನು ಕಲ್ಲಿನ ಮೇಲೆ ಬಿಟ್ಟಂತೆ ಇಟ್ಟಿದ್ದಾರೆ. 1944-45ರ ಚಳಿಗಾಲದಲ್ಲಿ ಆರೋ ಕ್ರಾಸ್ ಎಂಬ ಹಂಗೇರಿಯ ನಾಜಿ ಗುಂಪು ಯಹೂದಿಗಳನ್ನು ಇಲ್ಲಿಗೆ ತಂದು, ಕಾಲಿನದನ್ನು ಕಳಚಿಸಿ, ಗುಂಡಿಕ್ಕಿ ನದಿಗೆ ಕೆಡವಿತು. ಸ್ಮಾರಕ ಆಗಿದ್ದು 2005ರಲ್ಲಿ. ದೋಣಿಯಿಂದ ನೋಡಿದರೆ ದಡದಲ್ಲಿ ಏನೋ ಕಪ್ಪು ಚುಕ್ಕಿ. ಟ್ರಾಮ್‌ನಿಂದ ಅದೂ ಇಲ್ಲ. ನಡೆದು ಹೋದಾಗಲೇ ಮಕ್ಕಳ ಪುಟ್ಟ ಬೂಟುಗಳು ಕಣ್ಣಿಗೆ ಬೀಳುವುದು.

ಸಬಡ್ಶಾಗ್ ಚೌಕದ್ದೂ ಅದೇ ಕಥೆ. ಅಲ್ಲಿಗೆ ಗೈಡ್ ಜೊತೆ ಹೋಗಿ, ಕೊನೆಗೆ ಟಿಪ್ಸ್ ಕೊಡುವ ನಡಿಗೆ ಪ್ರವಾಸವಾದರೂ ಸಾಕು. ಒಂದೇ ಚೌಕದಲ್ಲಿ ಸೋವಿಯತ್ ಸೈನಿಕರ ಸ್ಮಾರಕ, ಅದರ ಹತ್ತಿರವೇ ರೊನಾಲ್ಡ್ ರೇಗನ್ ಪ್ರತಿಮೆ! ಇನ್ನೊಂದು ತುದಿಯಲ್ಲಿ ಜರ್ಮನ್ ಆಕ್ರಮಣದ ಸ್ಮಾರಕ: ಜರ್ಮನಿಯ ಗುರುತಾದ ಹದ್ದೊಂದು ಹಂಗೇರಿಯ ಗುರುತಾದ ಗೇಬ್ರಿಯಲ್ ದೇವದೂತನ ಮೇಲೆ ಎರಗುತ್ತಿದೆ. 2014ರಲ್ಲಿ ಸರ್ಕಾರ ಇದನ್ನು ನಿಲ್ಲಿಸಿದಾಗ, ಯಹೂದಿಗಳ ಹತ್ಯೆಯಲ್ಲಿ ಹಂಗೇರಿಯದೇ ತಪ್ಪಿದ್ದದ್ದನ್ನು ಮುಚ್ಚಿಡುತ್ತಿದ್ದಾರೆ ಅಂತ ಜನ ಸಿಟ್ಟಾದರು. ಸತ್ತವರ ಫೋಟೋ, ಪತ್ರ, ಸೂಟ್‌ಕೇಸ್‌ಗಳನ್ನು ತಂದು ಅದರ ಮುಂದೆಯೇ ಇಟ್ಟರು. ಯಾರೂ ಹೇಳದಿದ್ದರೆ ಸುಮ್ನೆ ಒಂದು ಪಾರ್ಕ್ ಅಂದುಕೊಂಡು ದಾಟಿಬಿಡುತ್ತೀರಿ, ಅಲ್ವಾ?

ಕೋಟೆಗುಡ್ಡಕ್ಕೆ ಹತ್ತಲು 1870ರ ಹಳಿಬಂಡಿ ಇದೆ. ಚೆಂದವೇ, ಆದರೆ ಕ್ಯೂ ಉದ್ದ, ದರ ಜಾಸ್ತಿ, ಪ್ರಯಾಣ ಕೂತೆ ಅನ್ನುವಷ್ಟರಲ್ಲಿ ಮುಗಿಯುತ್ತದೆ, ಸಾರಿಗೆ ಪಾಸ್ ಕೂಡ ನಡೆಯುವುದಿಲ್ಲ. ಡೆಯಾಕ್ ಚೌಕದಿಂದ ಹೊರಡುವ 16ನೇ ನಂಬರ್ ಬಸ್ಸು ಅದೇ ಪಾಸ್‌ನಲ್ಲಿ ಮಥಿಯಾಸ್ ಚರ್ಚ್ ಹತ್ತಿರವೇ ಇಳಿಸುತ್ತದೆ. ಪಕ್ಕದ ಫಿಶರ್‌ಮನ್ಸ್ ಬಾಸ್ಟಿಯನ್ ಹಳೇ ಕೋಟೆಯಂತೆ ಕಂಡರೂ ಪೂರ್ತಿಯಾಗಿದ್ದು 1902ರಲ್ಲಿ, ಅಲಂಕಾರಕ್ಕೆ ಅಂತಲೇ.

ಇಳಿದು ಹತ್ತುವ ಟೂರಿಸ್ಟ್ ಬಸ್ಸು ನನಗೆ ದಂಡ ಅನ್ನಿಸಿತು, ಅರ್ಧ ಹೊತ್ತು ಟ್ರಾಫಿಕ್‌ನಲ್ಲೇ ಹೋಯಿತು. ಜನ ಅದನ್ನು ಹತ್ತುವುದು ಹೆಚ್ಚಾಗಿ ಹೀರೋಸ್ ಸ್ಕ್ವೇರ್ ಸಲುವಾಗಿ. ಅಲ್ಲಿಗೆ ಎಂ1 ಮೆಟ್ರೋ ನೇರವಾಗಿ ಹೋಗುತ್ತದೆ. 1896ರಲ್ಲಿ ಶುರುವಾದ ಇದು ಯುರೋಪಿನ ಮುಖ್ಯ ಭೂಭಾಗದ ಮೊದಲ ಸುರಂಗ ರೈಲು. ಪುಟ್ಟ ಹಳದಿ ಡಬ್ಬಿಗಳು, ಬಿಳಿ ಹೆಂಚಿನ ನಿಲ್ದಾಣಗಳು, ಅದೇ ಒಂದು ನೋಡುವ ಜಾಗ. ಅಪ್ಪ ಅಮ್ಮನ ಜೊತೆ ಹೋಗಿದ್ದು ಅವರಿಗೆ ಮಂಡಿನೋವು ಇದ್ದರೆ ಮಾತ್ರ ಎಂ1 ಬೇಡ, ಮೆಟ್ಟಿಲು ಇಳಿದು ಹತ್ತಬೇಕು. 105ನೇ ನಂಬರ್ ಬಸ್ಸು ಹತ್ತಿಸಿ. ಅದೇ ಪಾಸ್, ಆಂದ್ರಾಶಿ ರಸ್ತೆಯ ಮರಗಳ ನಡುವೆ ಹೋಗಿ ಚೌಕದಲ್ಲೇ ಇಳಿಸುತ್ತದೆ.