ಅಕ್ಷತೆ ಬೀಳುವಾಗ ಚಿತ್ರ ಒಡೆಯಬಾರದು: ಹ್ಯಾಂಡ್‌ಬ್ರೇಕ್ ಬಳಸಿದ ಆರು ವರ್ಷ

ಮನೆಯಲ್ಲಿದ್ದ ಹಳೆಯ ವಿಡಿಯೊ ಕ್ಯಾಮೆರಾದ ಮಿನಿಡಿವಿ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸಿಕೊಂಡಾಗ ಒಂದು ಗಂಟೆಯ ಚಿತ್ರೀಕರಣಕ್ಕೆ ಸುಮಾರು 13 ಜಿಬಿ ಜಾಗ ಬೇಕಾಯಿತು. ಮದುವೆ, ನಾಮಕರಣ, ಗೃಹಪ್ರವೇಶ ಎಂದು ಇಪ್ಪತ್ತಕ್ಕೂ ಹೆಚ್ಚು ಕ್ಯಾಸೆಟ್‌ಗಳಿದ್ದುದರಿಂದ ಕುಗ್ಗಿಸದೆ ಬೇರೆ ದಾರಿಯಿರಲಿಲ್ಲ. ಆಗ ಹಿಡಿದದ್ದು ವಿಡಿಯೊ ಕುಗ್ಗಿಸುವ ಹ್ಯಾಂಡ್‌ಬ್ರೇಕ್ ತಂತ್ರಾಂಶವನ್ನು. ಇದು ಉಚಿತ, ಮುಕ್ತ ಆಕರದ್ದು. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲಿಯೂ ನಡೆಯುತ್ತದೆ.

ಮೊದಲ ತಪ್ಪು ನನ್ನದೇ. ಒಂದು ಕ್ಯಾಸೆಟ್ಟು ಇಷ್ಟೇ ಜಾಗದಲ್ಲಿ ಕೂರಬೇಕೆಂದು ಲೆಕ್ಕ ಹಾಕಿ, ಸರಾಸರಿ ಬಿಟ್‌ರೇಟನ್ನು, ಅಂದರೆ ಸೆಕೆಂಡಿನ ಚಿತ್ರಕ್ಕೆ ಕೊಡುವ ದತ್ತಾಂಶದ ಪ್ರಮಾಣವನ್ನು, ತೀರ ಕಡಿಮೆ ಇಟ್ಟೆ. ತಂಗಿಯ ಮದುವೆಯಲ್ಲಿ ಮಂಟಪದ ಮುಂದೆ ಎಲ್ಲರೂ ಸುಮ್ಮನೆ ಕುಳಿತಿರುವ ಭಾಗವೇನೋ ಚೆನ್ನಾಗಿಯೇ ಬಂತು. ಗಟ್ಟಿಮೇಳ ಮೊಳಗಿ ನಾಲ್ಕೂ ಕಡೆಯಿಂದ ಅಕ್ಷತೆ ಬಿದ್ದ ಕ್ಷಣದಲ್ಲಿ ಮಾತ್ರ ಅವಳ ಮುಖ, ಸೀರೆಯ ಜರಿಯಂಚು ಎಲ್ಲವೂ ಚೌಕ ಚೌಕವಾಗಿ ಒಡೆದುಹೋದವು. ಹಿಂದಿನ ಫ್ರೇಮಿಗೂ ಈಗಿನದಕ್ಕೂ ಇರುವ ವ್ಯತ್ಯಾಸವನ್ನಷ್ಟೇ ಬರೆದಿಟ್ಟುಕೊಂಡು ಜಾಗ ಉಳಿಸುವುದು ವಿಡಿಯೊ ಕುಗ್ಗಿಸುವ ವಿಧಾನದ ಗುಟ್ಟು. ನೂರಾರು ಅಕ್ಕಿಕಾಳುಗಳು ಒಟ್ಟಿಗೆ ಹಾರಿದಾಗ ಚಿತ್ರದ ಮೂಲೆಮೂಲೆಯೂ ಬದಲಾಗುವುದರಿಂದ, ಕೈಬಿಗಿದು ಕೊಟ್ಟ ಬಿಟ್‌ಗಳು ಅಲ್ಲಿ ಸಾಲುವುದಿಲ್ಲ.

ಅಂದಿನಿಂದ ಗಾತ್ರವನ್ನು ಗೊತ್ತುಮಾಡುವುದನ್ನೇ ಬಿಟ್ಟು, ಸ್ಥಿರ ಗುಣಮಟ್ಟದ ಆರ್‌ಎಫ್ ಸಂಖ್ಯೆಯನ್ನು ನಂಬಿದ್ದೇನೆ. ಸಂಖ್ಯೆ ಇಳಿದಷ್ಟೂ ಚಿತ್ರ ಚೆನ್ನ, ಕಡತ ದೊಡ್ಡದು. ಎಕ್ಸ್264 ಎಂಬ ಎನ್‌ಕೋಡರಿನಲ್ಲಿ (ಚಿತ್ರ ಕುಗ್ಗಿಸುವ ಭಾಗ) ಆರು ಅಂಕ ಇಳಿಸಿದರೆ ಗಾತ್ರ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಕ್ಯಾಸೆಟ್ಟಿನ ಚಿತ್ರಕ್ಕೆ 18ರಿಂದ 22, 1080ಪಿ (ಫುಲ್ ಎಚ್‌ಡಿ) ಚಿತ್ರಕ್ಕೆ 20ರಿಂದ 24 ಎಂಬುದು ಹ್ಯಾಂಡ್‌ಬ್ರೇಕ್ ಕೈಪಿಡಿಯ ಸಲಹೆ. ನಾನು ಕ್ಯಾಸೆಟ್ಟುಗಳಿಗೆ 20 ಇಡುತ್ತೇನೆ. ಇಡೀ ಕಡತಕ್ಕೆ ಕೈಹಚ್ಚುವ ಮುನ್ನ ಆರಂಭ, ಮುಕ್ತಾಯದ ಸೆಕೆಂಡುಗಳನ್ನು ಕೊಟ್ಟು ಅಕ್ಷತೆಯಂತಹ ಅತಿ ಕಷ್ಟದ ತುಣುಕನ್ನು ಮಾತ್ರ ಕುಗ್ಗಿಸಿ, ಟಿವಿಯ ಪರದೆಯ ಮೇಲೆ ನೋಡುವುದು ರೂಢಿಯಾಗಿದೆ. ಮಂದ ಬೆಳಕಿನ ಛತ್ರದಲ್ಲಿ ತೆಗೆದ ಚಿತ್ರ ನಿರೀಕ್ಷಿಸಿದಷ್ಟು ಕುಗ್ಗುವುದಿಲ್ಲ. ಅದರ ತುಂಬ ಇರುವ ಕಾಳುಕಾಳಾದ ಚುಕ್ಕೆಗಳ ಗದ್ದಲವೂ ಬಿಟ್ ತಿನ್ನುತ್ತದೆ. ಅದನ್ನು ತೊಳೆಯುವ ಫಿಲ್ಟರ್ ಇದೆಯಾದರೂ ಜೋರು ಮಾಡಿದರೆ ಅಜ್ಜಿಯ ಮುಖದ ಸುಕ್ಕುಗಳೂ ಮಾಯವಾಗುತ್ತವೆ, ಹಾಗಾಗಿ ನಾನು ಬಳಸುವುದಿಲ್ಲ.

ಕ್ಯಾಸೆಟ್ಟಿನವರು ಇನ್ನೊಂದು ವಿಷಯ ಗಮನಿಸಬೇಕು. ನಮ್ಮ ದೇಶದ ಪಾಲ್ ಎಂಬ ಟಿವಿ ಪದ್ಧತಿಯ ಚಿತ್ರ ಇಂಟರ್‌ಲೇಸ್ ಆಗಿರುವುದರಿಂದ, ಅಂದರೆ ಫ್ರೇಮಿನ ಬೆಸ, ಸಮ ಸಾಲುಗಳು ಬೇರೆ ಬೇರೆ ಕ್ಷಣದಲ್ಲಿ ದಾಖಲಾಗಿರುವುದರಿಂದ, ಕೈ ಬೀಸಿದಲ್ಲೆಲ್ಲ ಅಂಚು ಬಾಚಣಿಗೆಯ ಹಲ್ಲಿನಂತೆ ಕಾಣುತ್ತದೆ. ಇದನ್ನು ಸರಿಪಡಿಸುವ ಡಿಇಂಟರ್‌ಲೇಸ್ ಫಿಲ್ಟರಿನಲ್ಲಿ ಬಾಬ್ ಎಂಬುದನ್ನು ಆಯ್ದರೆ ಸೆಕೆಂಡಿಗೆ 50 ಫ್ರೇಮ್ ಸಿಕ್ಕಿ ಚಲನೆ ನಯವಾಗುತ್ತದೆ. ಇದು ತಿಳಿಯುವ ಮೊದಲೇ ಎರಡು ಕ್ಯಾಸೆಟ್ಟುಗಳನ್ನು ಹಲ್ಲಿನ ಸಮೇತ ಕುಗ್ಗಿಸಿ ಕಂಪ್ಯೂಟರಿನಲ್ಲಿದ್ದ ಮೂಲ ಕಡತವನ್ನು ಅಳಿಸಿಬಿಟ್ಟಿದ್ದೆ. ಅವನ್ನು ಮತ್ತೆ ಇಳಿಸಿಕೊಳ್ಳುವಷ್ಟರಲ್ಲಿ ಕ್ಯಾಮೆರಾದಲ್ಲಿ ಟೇಪು ಓದುವ ಹೆಡ್ ಕೆಟ್ಟಿತ್ತು.

ವೇಗದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಗ್ರಾಫಿಕ್ಸ್ ಕಾರ್ಡಿನಿಂದ ಮಾಡಿಸಿದರೆ ಕೆಲಸ ಬೇಗ ಮುಗಿಯುತ್ತದೆ, ಆದರೆ ಅದೇ ಗುಣಮಟ್ಟಕ್ಕೆ ಕಡತ ದೊಡ್ಡದಾಗುತ್ತದೆ. ಕಾಪಿಡುವ ಚಿತ್ರಗಳನ್ನು ನಾನು ಪ್ರೊಸೆಸರಿಗೆ ಬಿಟ್ಟು, ಸ್ಲೋ ಪ್ರಿಸೆಟ್ಟಿನಲ್ಲಿ ಐದಾರನ್ನು ಕ್ಯೂಗೆ ಹಾಕಿ ಮಲಗುತ್ತೇನೆ. ಮದುವೆಯ ಆ ಕ್ಯಾಸೆಟ್ಟು ಈಗ ಸುಮಾರು ಒಂದೂವರೆ ಜಿಬಿಯಷ್ಟಿದೆ, ಮುಖ ಒಡೆಯುವುದಿಲ್ಲ.

ಫೋನಿನ ವಿಡಿಯೊಗಳ ವಿಷಯದಲ್ಲಿ ನನ್ನ ಉತ್ಸಾಹ ಅಷ್ಟಿಲ್ಲ. ಈಚಿನ ಹಲವು ಫೋನುಗಳು ಮೊದಲೇ ಚೆನ್ನಾಗಿ ಕುಗ್ಗಿಸುವ ಎಚ್‌ಇವಿಸಿ ವಿಧಾನದಲ್ಲೇ ಚಿತ್ರೀಕರಿಸುವುದರಿಂದ ಉಳಿಯುವ ಜಾಗ ಅಲ್ಪ. ಪ್ರತಿ ಮರುಕುಗ್ಗಿಕೆಯಲ್ಲಿ ಒಂದಿಷ್ಟು ವಿವರ ಹೋಗುವುದು ಮಾತ್ರ ಖಚಿತ. ಜೊತೆಗೆ ಹೊಸ ಕಡತಕ್ಕೆ ಕುಗ್ಗಿಸಿದ ದಿನದ ತಾರೀಖು ಬಿದ್ದು, ಯುಗಾದಿಯ ವಿಡಿಯೊ ಗ್ಯಾಲರಿಯಲ್ಲಿ ಆಷಾಢದ ನಡುವೆ ಹೋಗಿ ಕುಳಿತಿತ್ತು. ಈಗ ಕಡತದ ಹೆಸರಿನ ಮೊದಲಿಗೇ ಚಿತ್ರೀಕರಿಸಿದ ದಿನಾಂಕವನ್ನು ಬರೆದುಬಿಡುತ್ತೇನೆ.