ಲಾನಿಗೆ ಗಾಳಿ ಕೊಡಲು ಫೋರ್ಕ್ ಸಾಕಾ, ಟೊಳ್ಳು ಕೊಳವೆ ಬೇಕಾ?

ಕಾಸರಗೋಡಿನಲ್ಲಿ ಅಂಗಳಕ್ಕೆ ಹುಲ್ಲು ಹಾಕಿದವರಿಗೆ ಈ ಕಷ್ಟ ಗೊತ್ತೇ ಇರುತ್ತದೆ. ಮಳೆಗಾಲದ ಹೊಡೆತಕ್ಕೆ, ಮಕ್ಕಳ ಓಡಾಟಕ್ಕೆ ಕೆಂಪು ಮಣ್ಣು ಒತ್ತಿಹೋಗುತ್ತದೆ. ನೀರು ಕೆಳಗೆ ಇಳಿಯದೆ ಮೇಲೇ ನಿಲ್ಲುತ್ತದೆ, ಬೇರಿಗೆ ಉಸಿರಾಡಲು ಗಾಳಿ ಸಿಗುವುದಿಲ್ಲ. ಒದ್ದೆ ಮಣ್ಣಿಗೂ ಸ್ಕ್ರೂಡ್ರೈವರ್ ಸಲೀಸಾಗಿ ಇಳಿಯದಿದ್ದರೆ ತೂತು ಹಾಕುವ ಕಾಲ ಬಂತು ಎಂದೇ ಅರ್ಥ.

ಮಣ್ಣು ಅಗೆಯುವ, ಉದ್ದ ಹಲ್ಲುಗಳ ತೋಟದ ಫೋರ್ಕ್ ಹಲವರ ಮನೆಯಲ್ಲಿ ಇರುತ್ತದೆ, ಹೊಸ ಖರ್ಚಿಲ್ಲ. ಆದರೆ ಅದು ಮಣ್ಣನ್ನು ಹೊರಗೆ ತೆಗೆಯುವುದಿಲ್ಲ, ಪಕ್ಕಕ್ಕೆ ತಳ್ಳುತ್ತದೆ ಅಷ್ಟೇ. ಜೇಡಿಯಂಥ ಮಣ್ಣಾದರೆ ತೂತಿನ ಗೋಡೆ ಇನ್ನಷ್ಟು ಗಟ್ಟಿಯಾಗುತ್ತದೆ. ಕಡಲ ಬದಿಯ ಮರಳು ಮಣ್ಣಿಗಾದರೆ ಇಷ್ಟು ಸಾಕು. ತೂತು ಬೀಳಲೆಂದು ಮೊಳೆ ಹೊಡೆದ ಚಪ್ಪಲಿ ಹಾಕಿ ಹುಲ್ಲಿನ ಮೇಲೆ ನಡೆಯುವುದನ್ನು ಮಾತ್ರ ನಾನು ಒಪ್ಪುವುದಿಲ್ಲ, ಸುಮ್ನೆ ಕಾಲು ನೋವು.

ಟೊಳ್ಳು ಕೊಳವೆಯ ಉಪಕರಣ ಬೆರಳು ಗಾತ್ರದ ಮಣ್ಣಿನ ತುಂಡನ್ನೇ ಕಿತ್ತು ಮೇಲೆ ಹಾಕುತ್ತದೆ. 5ರಿಂದ 8 ಸೆಂಟಿಮೀಟರ್ ಆಳ ಹೋದರೆ ಒಳ್ಳೆಯದು. ನಮ್ಮಲ್ಲಿ ಒಂದು ತುಂಡು ಮುರಿದು ನೋಡಿದೆ. ಮೇಲಿನ ಒಂದಿಂಚು ಮಾತ್ರ ಬಿಳಿ ಬೇರು, ಕೆಳಗೆ ಬರೀ ಕೆಂಪು ಮುದ್ದೆ! ಆ ತುಂಡುಗಳನ್ನು ಅಲ್ಲೇ ಬಿಡಿ, ಒಣಗಿ ಪುಡಿಯಾಗುತ್ತವೆ. ತೂತಿಗೆ ಜರಡಿ ಹಿಡಿದ ಕಾಂಪೋಸ್ಟ್ ಗುಡಿಸಿ ತುಂಬಿ. ಕೆಲಸ ಜಾಸ್ತಿ ಹೌದು, ಮುರಕಲ್ಲಿನ (ಜಂಬಿಟ್ಟಿಗೆಯ) ಚೂರು ಸಿಕ್ಕಿ ಕೊಳವೆ ಕಟ್ಟಿಕೊಳ್ಳುವುದೂ ಉಂಟು. ಆದರೂ ಒತ್ತಿದ ಕೆಂಪು ಮಣ್ಣಿಗೆ ನನ್ನ ಆಯ್ಕೆ ಇದೇ.

ಯಾವುದಾದರೂ ಸರಿ, ಜಡಿಮಳೆಯಲ್ಲಿ ಬೇಡ. ಜೋರು ಮಳೆ ಕಡಿಮೆಯಾಗಿ, ಹುಲ್ಲು ಚೆನ್ನಾಗಿ ಚಿಗುರುತ್ತಿರುವ ಸೆಪ್ಟೆಂಬರ್‌ನಲ್ಲಿ, ಮಣ್ಣು ಹದವಾಗಿ ಒದ್ದೆ ಇರುವಾಗ ಮಾಡಿ.